ಎರಡೇ ವ್ಯಂಜನದ ಮರ

ಮಾಲೀಕನನ್ನು ಕೇಳದೆ ಇನ್ನೊಬ್ಬರ ತೋಟದ ಮರ ಕಡಿದವನು ಅರ್ಧ ಮಿನಾ ಬೆಳ್ಳಿ ತೂಗಿ ಕೊಡತಕ್ಕದ್ದು. ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಕಾನೂನಿನ 59ನೆಯ ಕಲಮು ಹೇಳುವುದು ಇಷ್ಟೇ. ಅರ್ಧ ಮಿನಾ ಎಂದರೆ ಇವತ್ತಿನ ಲೆಕ್ಕದಲ್ಲಿ ಸುಮಾರು ಕಾಲು ಕಿಲೊ. ಒಂದು ಮರಕ್ಕೆ ಅದು ಸಣ್ಣ ದಂಡವಲ್ಲ. ಕ್ರಿ.ಪೂ. 1792ರಿಂದ 1750ರವರೆಗೆ ಆಳಿದ ಈ ದೊರೆಯ ಕಾನೂನುಗಳನ್ನು ಕೆತ್ತಿದ ಕರಿಕಲ್ಲಿನ ಕಂಬ 1901–02ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿತು. ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲಮಿನಲ್ಲಿ ಮರಕ್ಕೆ ಬಂದಿರುವ ಅಕ್ಕಾಡಿಯನ್ ಮಾತು ‘ಇಸು’.

ಈ ‘ಇಸು’ವಿನ ದಾಯಾದಿಗಳು ಪಶ್ಚಿಮ ಏಷ್ಯಾದಿಂದ ಇಥಿಯೋಪಿಯಾದವರೆಗೆ ಹರಡಿಕೊಂಡಿದ್ದಾರೆ. ಹೀಬ್ರೂವಿನಲ್ಲಿ ‘ಏತ್ಸ್’. ಏದೆನ್ ತೋಟದ ಜೀವವೃಕ್ಷವೂ ಅದೇ ಮಾತು, ನೋಹನ ನಾವೆಗೆ ತಂದ ಮರವೂ ಅದೇ ಮಾತು. ಸಿರಿಯಾದ ಕರಾವಳಿಯ ಉಗರಿತ್‌ನ ಮಣ್ಣಿನ ಹಲಗೆಗಳಲ್ಲಿ ಸ್ವರ ಬರೆಯದೆ ಎರಡೇ ವ್ಯಂಜನಗಳಲ್ಲಿ ಅದು ಕಾಣಿಸುತ್ತದೆ. ಯೆಮನ್ನಿನ ಪ್ರಾಚೀನ ಸಬಾಯಿಕ್ ಶಾಸನಗಳಲ್ಲಿ ಅದು ಮರಮುಟ್ಟಿನ ಹೆಸರು. ಇಥಿಯೋಪಿಯಾದ ಧರ್ಮಗ್ರಂಥಗಳ ಭಾಷೆ ಗೀಜ್‌ನಲ್ಲಿ ಅದು ಮರವೂ ಹೌದು, ಕಟ್ಟಿಗೆಯೂ ಹೌದು. ಅರಬ್ಬಿಯಲ್ಲಿ ‘ಇದಾಹ್’ ಎಂದರೆ ಒಂಟೆ ಮೇಯುವ ಮುಳ್ಳುಮರಗಳು. ಅರಮಾಯಿಕ್‌ಗೆ ಬಂದರೆ ಒಂದು ಕಾಲದಲ್ಲಿ ‘ಕ’ಕಾರ ಹೊತ್ತ ರೂಪ, ಇನ್ನೊಂದು ಕಾಲದಲ್ಲಿ ಬರೀ ‘ಆಅ’.

‘ಇಸು’, ‘ಏತ್ಸ್’, ‘ಇದಾಹ್’, ‘ಆಅ’. ಇವೆಲ್ಲ ಒಂದೇ ಶಬ್ದ ಎಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಭಾಷಾವಿಜ್ಞಾನಿಗಳಿಗೆ ಮಾತ್ರ ಈ ವಿಷಯದಲ್ಲಿ ಅನುಮಾನ ಬಹಳ ಕಡಿಮೆ. ಅವರು ಮೂಲ ಸೆಮಿಟಿಕ್‌ಗೆ ಒಂದು ರೂಪವನ್ನು ಕಟ್ಟಿಕೊಟ್ಟು ಅದರ ಮುಂದೆ ನಕ್ಷತ್ರ ಚಿಹ್ನೆ ಹಾಕುತ್ತಾರೆ. ಎಲ್ಲೂ ಬರೆದಿಟ್ಟಿಲ್ಲದ, ಲೆಕ್ಕ ಹಾಕಿ ಪಡೆದ ರೂಪ ಎಂಬುದಕ್ಕೆ ಅದು ಗುರುತು. ಮೊದಲಲ್ಲಿ ‘ಅಯ್ನ್’ ಎಂಬ ಗಂಟಲಾಳದ ವ್ಯಂಜನ, ನಡುವೆ ‘ಇ’, ಕೊನೆಯಲ್ಲಿ ನಾಲಿಗೆಯ ಅಂಚಿನಿಂದ ಬಿಗಿದು ಹೊರಡಿಸುವ ಒಂದು ವಿಚಿತ್ರ ವ್ಯಂಜನ. ಶಬ್ದದ ಕಥೆಯೆಲ್ಲ ಇರುವುದು ಈ ಕೊನೆಯ ವ್ಯಂಜನದಲ್ಲಿ.

ಕನ್ನಡಿಗರಿಗೆ ಇದರ ತರ್ಕ ಹೊಸದಲ್ಲ. ತಮಿಳರ ಪಾಲ್ ನಮ್ಮಲ್ಲಿ ಹಾಲು, ಪಲ್ ಹಲ್ಲು, ಪುಲಿ ಹುಲಿ. ಹಳಗನ್ನಡದ ಪಕಾರ ಹಕಾರವಾದದ್ದು ಒಂದೆರಡು ಪದಗಳಲ್ಲಿ ಆಕಸ್ಮಿಕವಾಗಿ ಅಲ್ಲ, ಸಾಲುಸಾಲಾಗಿ. ಹಾಗೆಯೇ ೞಕಾರ ಅಳಿದು ಏೞು ಏಳಾಯಿತು, ಗೞ್ದೆ ಗರ್ದೆಯಾಗಿ ಗದ್ದೆಯಾಯಿತು. ಧ್ವನಿ ಬದಲಾಗುವಾಗ ನಿಯಮ ಹಿಡಿದು ಬದಲಾಗುತ್ತದೆ. ಆದ್ದರಿಂದಲೇ ಹಿಂದಕ್ಕೆ ಹೋಗಲು ದಾರಿ ಇರುತ್ತದೆ.

ಸೆಮಿಟಿಕ್ ಭಾಷೆಗಳಲ್ಲಿ ಆ ಸಾಲು ಹೀಗಿದೆ. ನೆಲಕ್ಕೆ ಹೀಬ್ರೂ ‘ಎರೆತ್ಸ್’, ಅರಬ್ಬಿ ‘ಅರ್ದ್’, ಅರಮಾಯಿಕ್ ಮೊದಲು ‘ಅರ್ಕಾ’, ಆಮೇಲೆ ‘ಅರ್ಆ’. ಮೊಟ್ಟೆಗೆ ಹೀಬ್ರೂ ‘ಬೇತ್ಸಾ’, ಅರಬ್ಬಿ ‘ಬೈದ್’. ಅರಮಾಯಿಕ್‌ನಲ್ಲಿ ಮತ್ತೆ ಗಂಟಲಿನ ಅಯ್ನ್. ಕುರಿಮಂದೆಗೆ ಹೀಬ್ರೂ ‘ತ್ಸೋನ್’, ಅರಬ್ಬಿ ‘ದಅನ್’, ಅರಮಾಯಿಕ್ ‘ಆನಾ’. ಹೀಬ್ರೂವಿನ ತ್ಸ, ಅರಬ್ಬಿಯ ದಪ್ಪ ದ, ಹಳೆಯ ಅರಮಾಯಿಕ್‌ನ ಕ, ಹೊಸ ಅರಮಾಯಿಕ್‌ನ ಅಯ್ನ್: ಈ ನಾಲ್ಕೂ ಒಟ್ಟಿಗೆ ಬಂದಾಗ ಹಿಂದೆ ಆ ಒಂದೇ ವ್ಯಂಜನ ಇತ್ತು ಎಂದು ತಿಳಿಯಬೇಕು. ಮರದ ಶಬ್ದ ಈ ಸಾಲಿನಲ್ಲಿ ತಪ್ಪದೆ ಕೂರುತ್ತದೆ.

ನಿಯಮ ಎಷ್ಟು ಬಿಗಿಯಾದದ್ದು ಎಂಬುದು ಹೋಲಿಕೆ ಮೋಸ ಮಾಡುವ ಕಡೆ ತಿಳಿಯುತ್ತದೆ. ಅರಬ್ಬಿಯಲ್ಲಿ ‘ಅಸಾ’ ಎಂಬ ಮಾತಿದೆ. ಕೋಲು, ಊರುಗೋಲು ಎಂದರ್ಥ. ಕುರ್‌ಆನಿನಲ್ಲಿ ಮೂಸಾ ಪ್ರವಾದಿಯ ಕೈಯಲ್ಲಿರುವುದು ಇದೇ ಅಸಾ. ಮೊದಲ ಅಕ್ಷರ ಅಯ್ನ್, ಎರಡನೆಯದು ಸಕಾರ, ವಸ್ತು ಮರದ್ದು. ಹೀಬ್ರೂವಿನ ‘ಏತ್ಸ್’ಗೆ ಇದಕ್ಕಿಂತ ಹತ್ತಿರದ ನೆಂಟ ಬೇಕೇ? ಆದರೂ ಇದು ನೆಂಟನಲ್ಲ. ಹೀಬ್ರೂವಿನ ತ್ಸ ಎಂಬುದು ಮೂರು ಹಳೆಯ ಧ್ವನಿಗಳು ಬಂದು ಸೇರಿದ ಕೂಡುಹೊಳೆ. ಅರಬ್ಬಿಯಲ್ಲಿ ಆ ಮೂರೂ ಬೇರೆಬೇರೆಯಾಗಿ ಉಳಿದಿವೆ. ‘ಬೆರಳು’ ಎಂಬ ಮಾತಿನ ಸಕಾರ ಅರಬ್ಬಿಯಲ್ಲೂ ಅರಮಾಯಿಕ್‌ನಲ್ಲೂ ಸಕಾರವೇ. ‘ಬೇಸಿಗೆ’ಗೆ ಹೀಬ್ರೂ ‘ಕಯಿತ್ಸ್’ ಎಂದರೆ ಅರಬ್ಬಿ ‘ಕೈಜ್’, ಅರಮಾಯಿಕ್ ‘ಕೈಟಾ’. ಮೂರನೆಯದು ನಮ್ಮ ನೆಲ-ಮೊಟ್ಟೆ-ಕುರಿಯ ಸಾಲು. ‘ಅಸಾ’ ನಿಜವಾಗಿ ‘ಏತ್ಸ್’ನ ಬಂಧುವಾಗಿದ್ದರೆ ಅರಮಾಯಿಕ್‌ನ ಮರದಲ್ಲಿ ಸಕಾರ ಇರಬೇಕಿತ್ತು. ಅಲ್ಲಿರುವುದು ಕಕಾರ. ಹೀಗಾಗಿ ಹತ್ತಿರದಂತೆ ಕಾಣುವ ‘ಅಸಾ’ ಹೊರಗುಳಿದು, ದೂರದ ‘ಇದಾಹ್’ ಒಳಗೆ ಬರುತ್ತದೆ.

ಆ ಕಕಾರವನ್ನು ಕಣ್ಣಾರೆ ನೋಡಬೇಕಾದರೆ ಈಜಿಪ್ಟಿನ ದಕ್ಷಿಣ ತುದಿಗೆ, ಅಸ್ವಾನಿನ ಎದುರು ನೈಲ್ ನದಿಯ ಎಲಿಫೆಂಟೈನ್ ದ್ವೀಪಕ್ಕೆ ಹೋಗಬೇಕು. ಕ್ರಿ.ಪೂ. 5ನೆಯ ಶತಮಾನದಲ್ಲಿ ಪಾರಸಿಕ ಸಾಮ್ರಾಜ್ಯದ ಸಂಬಳ ಪಡೆಯುತ್ತಿದ್ದ ಯಹೂದಿ ಸೈನಿಕರ ಕುಟುಂಬಗಳು ಅಲ್ಲಿ ನೆಲೆಸಿದ್ದವು. ಅವರ ಅರಮಾಯಿಕ್ ಪತ್ರಗಳು ಅಲ್ಲಿನ ಒಣ ಹವೆಯಲ್ಲಿ ಪಪೈರಸ್ ಸುರುಳಿಗಳಾಗಿ ಉಳಿದುಕೊಂಡವು. ಕ್ರಿ.ಪೂ. 410ರಲ್ಲಿ ಖ್ನೂಮ್ ದೇವರ ಪುರೋಹಿತರು ಪಾರಸಿಕ ಅಧಿಕಾರಿ ವಿದ್ರಂಗನ ಜೊತೆ ಸೇರಿ ಈ ಜನರ ದೇವಾಲಯವನ್ನು ಕೆಡವಿಸಿದರು. ಮೂರು ವರ್ಷದ ಮೇಲೆ, 407ರಲ್ಲಿ, ದೇವಾಲಯ ಮತ್ತೆ ಕಟ್ಟಲು ಅನುಮತಿ ಬೇಡಿ ಅವರು ಯೂದಾದ ರಾಜ್ಯಪಾಲ ಬಗೋಹಿಗೆ ಒಂದು ಮನವಿ ಬರೆದರು. ಏನೇನು ಹಾಳಾಯಿತು ಎಂದು ಅದರಲ್ಲಿ ಒಂದೊಂದಾಗಿ ಹೇಳಿದ್ದಾರೆ: ಕಲ್ಲಿನ ಕಂಬಗಳು, ಕೆತ್ತಿದ ಕಲ್ಲಿನ ಐದು ಹೆಬ್ಬಾಗಿಲುಗಳು, ಕಂಚಿನ ತಿರುಗಣೆಗಳು, ಮತ್ತು ಪೂರ್ತಿ ದೇವದಾರು ಮರದ ಸೂರು. ಆ ಮರಗಳಿಗೆ ಅವರು ಬರೆದದ್ದು ಅಯ್ನ್, ಕ, ಹ, ನ ಎಂಬ ನಾಲ್ಕು ವ್ಯಂಜನ. ನಮ್ಮ ಶಬ್ದದ ಬಹುವಚನ ಅದು. ಸುಟ್ಟುಹೋದ ಒಂದು ಸೂರಿನ ದುಃಖವನ್ನು ತೋಡಿಕೊಳ್ಳುವಾಗ ಆ ಬರಹಗಾರ ತನಗರಿವಿಲ್ಲದೆ ಸೆಮಿಟಿಕ್ ಭಾಷಾ ಚರಿತ್ರೆಗೆ ಇಷ್ಟು ದೊಡ್ಡ ಸಾಕ್ಷಿ ಬಿಟ್ಟುಹೋಗಿದ್ದಾನೆ.

ಬೈಬಲಿನ ಎಜ್ರಾ ಗ್ರಂಥದ ಅರಮಾಯಿಕ್ ಭಾಗದಲ್ಲೂ ಒಂದು ದೇವಾಲಯ ಕಟ್ಟುವ ಪ್ರಸಂಗವಿದೆ, ಅಲ್ಲೂ ಗೋಡೆಗೆ ಇಡುವ ಮರದ ಮಾತು ಬರುತ್ತದೆ. ಆದರೆ ಅಲ್ಲಿನ ರೂಪ ‘ಆಅ’. ಕಕಾರ ಹೋಗಿ ಅಯ್ನ್ ಬಂತು. ಆಗ ಶಬ್ದದಲ್ಲಿ ಅಯ್ನ್ ಪಕ್ಕ ಅಯ್ನ್ ಆಯಿತು. ಎರಡು ಗಂಟಲ ಧ್ವನಿಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಕಷ್ಟಕ್ಕೆ ಮೊದಲನೆಯದು ಸಡಿಲಗೊಂಡು ಬರೀ ಸ್ವರದ ಎತ್ತುಗಡೆಯಾಗಿ ಉಳಿಯಿತು. ಇದೇ ಗ್ರಂಥದ 6ನೆಯ ಅಧ್ಯಾಯದಲ್ಲಿ ದೊರೆ ದಾರಿಯುಸ್‌ನ ಆಜ್ಞೆ ಇದೆ: ಈ ಅಪ್ಪಣೆಯನ್ನು ಬದಲಿಸುವವನ ಮನೆಯಿಂದಲೇ ತೊಲೆಯೊಂದನ್ನು ಕಿತ್ತು ಅವನನ್ನು ಅದಕ್ಕೇ ಏರಿಸಬೇಕು. ಆ ತೊಲೆಯೂ ‘ಆಅ’. ಯೆರೆಮೀಯ ಗ್ರಂಥದ 10ನೆಯ ಅಧ್ಯಾಯದ 11ನೆಯ ವಚನವಂತೂ ಇನ್ನೂ ಬೆಲೆಯುಳ್ಳದ್ದು. ಹೀಬ್ರೂ ಗ್ರಂಥದ ನಡುವೆ ಅರಮಾಯಿಕ್‌ನಲ್ಲಿರುವ ಆ ಒಂದೇ ವಚನದಲ್ಲಿ ನೆಲಕ್ಕೆ ‘ಅರ್ಕಾ’ ಒಮ್ಮೆ, ‘ಅರ್ಆ’ ಒಮ್ಮೆ ಬಂದಿದೆ. ಒಂದು ಧ್ವನಿಯ ಹಳೆಯ ಬರಹ, ಹೊಸ ಬರಹ ಎರಡೂ ಒಂದೇ ಸಾಲಿನಲ್ಲಿ.

ಇಷ್ಟಾದರೂ ಪ್ರಶ್ನೆ ಉಳಿಯುತ್ತದೆ. ತ್ಸ, ದ, ಕ, ಅಯ್ನ್ ಎಂದು ನಾಲ್ಕು ದಿಕ್ಕಿಗೆ ಹೋದ ಆ ಮೂಲ ಧ್ವನಿ ಕಿವಿಗೆ ಹೇಗೆ ಕೇಳಿಸುತ್ತಿತ್ತು?

ಉತ್ತರ ಬೇರೆಬೇರೆ ಮೂಲೆಗಳಿಂದ ಬಂದಿದೆ. ಅಸ್ಸೀರಿಯಾದ ದೊರೆ ಎಸರ್ಹದ್ದೋನ್ (ಕ್ರಿ.ಪೂ. 681–669) ಅರಬರ ದೇವರುಗಳ ಹೆಸರು ಬರೆಸುವಾಗ ‘ರುದಾ’ ಎಂಬ ದೇವರನ್ನು ಅವನ ಲಿಪಿಕಾರರು ‘ರುಲ್ದಾಯು’ ಎಂದು ಬರೆದರು. ಅರಬ್ಬಿಯ ದಪ್ಪ ದಕಾರದಲ್ಲಿ ಅವರಿಗೆ ಲಕಾರ ಕೇಳಿಸಿತ್ತು. ಒಂದೂವರೆ ಸಾವಿರ ವರ್ಷದಾಚೆ ಸ್ಪೇನಿನಲ್ಲೂ ಹಾಗೇ ಆಯಿತು: ಅರಬ್ಬಿ ‘ಅಲ್-ಕಾದೀ’ ಸ್ಪ್ಯಾನಿಷ್‌ನಲ್ಲಿ ‘ಅಲ್ಕಾಲ್ದೆ’ ಆಯಿತು. ಪಶ್ಚಿಮ ಆಫ್ರಿಕಾದ ಹೌಸಾ ಭಾಷೆಯಲ್ಲಿ ಅದೇ ನ್ಯಾಯಾಧೀಶ ‘ಅಲ್ಕಾಲಿ’. 8ನೆಯ ಶತಮಾನದ ಮಹಾ ವೈಯಾಕರಣ ಸೀಬವೈಹಿ ಈ ಅಕ್ಷರದ ಸ್ಥಾನವನ್ನು ನಾಲಿಗೆಯ ಅಂಚು ಮತ್ತು ಪಕ್ಕದ ದವಡೆಹಲ್ಲುಗಳ ನಡುವೆ ಎಂದು ಗುರುತಿಸಿದ್ದಾನೆ. ಈಗಿನ ಅರಬ್ಬಿಯಲ್ಲಿ ಹಾಗೆ ಉಚ್ಚರಿಸುವುದಿಲ್ಲ. ಆದರೆ ಒಮಾನ್ ಮತ್ತು ಯೆಮನ್ನಿನ ಮೆಹ್ರಿ, ಶಹ್ರಿ, ಸೊಕೋತ್ರಿ ಭಾಷೆಗಳವರು ಈಗಲೂ ಅಂಥ ಧ್ವನಿಯನ್ನು ಆಡುತ್ತಾರೆ. ‘ಲ’ ಹೇಳುವಾಗ ಗಾಳಿ ನಾಲಿಗೆಯ ಪಕ್ಕದಿಂದ ಹೊರಡುತ್ತದಲ್ಲ, ಅದೇ ಜಾಗದಲ್ಲಿ ಗಾಳಿಯನ್ನು ಬಿಗಿದು ಸಕಾರದ ಹಾಗೆ ಉಜ್ಜಿ ಬಿಡುವುದು. ರಿಚರ್ಡ್ ಸ್ಟೈನರ್ 1977ರಲ್ಲಿ ಪ್ರಕಟಿಸಿದ ಪುಸ್ತಕ ಇಂಥ ಸಾಕ್ಷಿಗಳನ್ನೆಲ್ಲ ಒಟ್ಟುಗೂಡಿಸಿದ ಮೇಲೆ, ಮೂಲ ಸೆಮಿಟಿಕ್‌ನ ಆ ವ್ಯಂಜನ ಪಾರ್ಶ್ವಿಕ ಎಂಬ ಅಭಿಪ್ರಾಯವೇ ಗಟ್ಟಿಯಾಗಿ ನಿಂತಿದೆ.

ಈ ಧ್ವನಿ ಕನ್ನಡಕ್ಕೂ ಬಂದಿದೆ, ವೇಷ ಬದಲಿಸಿಕೊಂಡು. ಪಾರಸಿ ಮಾತಾಡುವವರ ಬಾಯಲ್ಲಿ ಅರಬ್ಬಿಯ ಈ ದಕಾರ ಉಜ್ಜುವ ಜಕಾರವಾಯಿತು; ಆ ದಾರಿಯಲ್ಲೇ ಅರ್ಜಿ, ಹಾಜರಿ, ಜಪ್ತಿ, ಮರ್ಜಿ, ರಜೆ ನಮ್ಮ ಕಚೇರಿಗಳಿಗೆ ಕಾಲಿಟ್ಟವು. ಇವುಗಳ ಪೈಕಿ ‘ಜಿಲ್ಲೆ’ ಎಲ್ಲಕ್ಕಿಂತ ದೂರದಿಂದ ಬಂದದ್ದು. ಅರಬ್ಬಿಯಲ್ಲಿ ‘ದಿಲ್ಅ’ ಎಂದರೆ ಪಕ್ಕೆಲುಬು, ಪಕ್ಕೆ. ಬೈಬಲಿನ ಮೊದಲ ಪುಸ್ತಕದಲ್ಲಿ ಆದಾಮನಿಂದ ತೆಗೆದ ಪಕ್ಕೆಲುಬು ‘ತ್ಸೇಲಾ’, ಅರಮಾಯಿಕ್‌ನಲ್ಲಿ ಅದೇ ಪಕ್ಕೆಲುಬು ಅಯ್ನ್‌ನಿಂದ ಶುರುವಾಗಿ, ಮರದ ಶಬ್ದದ ಹಾಗೆಯೇ ಕೊನೆಗೆ ಆ ಅಯ್ನ್ ಕಳೆದುಕೊಂಡು ‘ಎಲ್ಆ’ ಆಯಿತು. ಜಿಲ್ಲಾಧಿಕಾರಿ ಕಚೇರಿಯ ಫಲಕದ ಮೊದಲ ಅಕ್ಷರವೂ ಹಮ್ಮುರಬಿಯ ಕಂಬದಲ್ಲಿರುವ ‘ಇಸು’ವಿನ ಸಕಾರವೂ ಒಂದೇ ವ್ಯಂಜನದ ಸಂತಾನ.

ಲಿಪಿಗಳಲ್ಲೂ ಆ ಧ್ವನಿಯ ಗುರುತು ಬಿದ್ದಿದೆ. ಫಿನೀಷಿಯನ್ನರ ವರ್ಣಮಾಲೆಯಲ್ಲಿ ಇದ್ದದ್ದು 22 ಅಕ್ಷರ, ಈ ಧ್ವನಿಗೆ ಪ್ರತ್ಯೇಕ ಅಕ್ಷರ ಇರಲಿಲ್ಲ. ಅದೇ ಲಿಪಿಯನ್ನು ಎರವಲು ಪಡೆದ ಅರಮಾಯಿಕ್ ಬರಹಗಾರರು ತಮ್ಮ ಬಾಯಲ್ಲಿ ಇನ್ನೂ ಬೇರೆಯಾಗಿಯೇ ಇದ್ದ ಧ್ವನಿಗೆ ಸಿಕ್ಕ ಹತ್ತಿರದ ಅಕ್ಷರ ಎಂದು ಕಕಾರ ಹಚ್ಚಿದರು. ಅರಬರು ಸಕಾರದ ‘ಸಾದ್’ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಟ್ಟು ‘ದಾದ್’ ಮಾಡಿಕೊಂಡರು. ದಕ್ಷಿಣ ಅರೇಬಿಯಾದ 29 ಅಕ್ಷರಗಳ ಲಿಪಿಯಲ್ಲಿ ಅದಕ್ಕೆ ಸ್ವಂತ ಅಕ್ಷರವೇ ಇತ್ತು, ಇಥಿಯೋಪಿಯಾದ ಲಿಪಿಯಲ್ಲಿ ಈಗಲೂ ಇದೆ. ಇನ್ನು ಮೆಸೊಪೊಟೇಮಿಯಾದ ಬೆಣೆಲಿಪಿಯಲ್ಲಿ ನಡೆದದ್ದು ಇದರ ತಿರುವುಮುರುವು. ಸುಮೇರಿಯನ್ನರು ಮರಕ್ಕೆ ‘ಗಿಶ್’ ಎನ್ನುತ್ತಿದ್ದರು. ಮಂಚ, ಮೇಜು, ಬಾಗಿಲು, ದೋಣಿ ಯಾವುದೇ ಮರದ ವಸ್ತುವಿನ ಹೆಸರಿನ ಮುಂದೆ ಆ ಚಿಹ್ನೆ ಇಡುವುದು ಪದ್ಧತಿ. ಅದೇ ಚಿಹ್ನೆಯನ್ನು ಅಕ್ಕಾಡಿಯನ್ ಬರಹಗಾರರು ‘ಇಸ್’, ‘ಇಜ್’ ಎಂಬ ಉಚ್ಚಾರಕ್ಕೂ ಬಳಸಿದರು. ಸುಮೇರಿಯನ್ ಚಿಹ್ನೆಗೆ ಆ ಉಚ್ಚಾರ ಬಂದದ್ದು ಸೆಮಿಟಿಕ್‌ನ ‘ಇಸು’ವಿನಿಂದ.

ಸೆಮಿಟಿಕ್ ಧಾತುಗಳೆಂದರೆ ಮೂರು ವ್ಯಂಜನ ಎಂಬುದು ಪಾಠಪುಸ್ತಕದ ಮೊದಲ ಮಾತು. ಮರಕ್ಕೆ ಇರುವುದು ಎರಡೇ. ಇದು ಕೊರತೆಯಲ್ಲ, ಹಳತನದ ಲಕ್ಷಣ. ಕೈ, ನೆತ್ತರು, ಹೆಸರು, ಮಗ, ತುಟಿ ಮುಂತಾದ ಬಲು ಹಳೆಯ ನಾಮಪದಗಳೂ ಸೆಮಿಟಿಕ್‌ನಲ್ಲಿ ಎರಡೇ ವ್ಯಂಜನದವು. ಬಹುವಚನ ಮಾಡುವಾಗ ಮಾತ್ರ ಇವಕ್ಕೆ ಒಂದು ಊರುಗೋಲು ಬೇಕಾಗುತ್ತದೆ. ಅಕ್ಕಾಡಿಯನ್ ಸಕಾರವನ್ನು ಒತ್ತಿ ‘ಇಸ್ಸೂ’ ಎಂದಿತು. ಗೀಜ್ ವಕಾರ ಸೇರಿಸಿತು. ಎಲಿಫೆಂಟೈನ್‌ನ ಮನವಿಯಲ್ಲಿ ಹಕಾರ ಇದೆ. ಅರಬ್ಬಿಯ ‘ಇದಾಹ್’ನಲ್ಲೂ ಹಕಾರವೇ. ನೈಲ್ ದ್ವೀಪದ ಸೈನಿಕರ ಸೂರಿಗೂ ಅರಬರ ಮರುಭೂಮಿಯ ಮುಳ್ಳುಮರಕ್ಕೂ ಹೀಗೆ ಒಂದೇ ಬಗೆಯ ತುಂಬಕ್ಷರ ಸೇರಿರುವುದು ಈ ಇಡೀ ವಿಚಾರದಲ್ಲಿ ಅತಿ ಸುಂದರವಾದ ಸಂಗತಿ. ಅರಬ್ಬಿ ಮುಳ್ಳುಮರ ಈ ಕುಟುಂಬಕ್ಕೆ ಸೇರಿದ್ದು ಎನ್ನಲು ಧ್ವನಿಯ ಜೊತೆಗೆ ವ್ಯಾಕರಣದ ಬೆಂಬಲವೂ ಸಿಕ್ಕಿತು.

ಹಾಗಾದರೆ ಮೂಲದಲ್ಲಿ ಆ ಮಾತಿನ ಅರ್ಥ ಯಾವುದು: ನಿಂತ ಮರವೇ, ಕಡಿದ ಮರವೇ, ಮುಳ್ಳುಮರವೇ?

ಕನ್ನಡದಲ್ಲಿ ಯೋಚಿಸುವವರಿಗೆ ಮೊದಲ ಎರಡರ ನಡುವೆ ಜಗಳವೇ ಇಲ್ಲ. ಹಿತ್ತಲಲ್ಲಿ ನಿಂತದ್ದೂ ಮರ, ಬಾಗಿಲಾದದ್ದೂ ಮರ. ತಮಿಳಿನ ‘ಮರಂ’ ಕೂಡ ಹಾಗೆಯೇ. ಅಕ್ಕಾಡಿಯನ್, ಹೀಬ್ರೂ, ಗೀಜ್ ಮೂರರಲ್ಲೂ ಶಬ್ದ ಎರಡನ್ನೂ ಹಿಡಿದುಕೊಂಡಿದೆ. ಬೇರೆ ಕಡೆ ಅದು ಕುಗ್ಗಿತು. ಅರಮಾಯಿಕ್‌ನಲ್ಲಿ ಬೆಳೆಯುವ ಮರಕ್ಕೆ ‘ಈಲಾನ್’ ಎಂಬ ಬೇರೆ ಮಾತು ಬಂದು ನಮ್ಮ ಶಬ್ದ ತೊಲೆ-ಹಲಗೆಗೆ ಇಳಿಯಿತು. ಇಥಿಯೋಪಿಯಾದ ಈಗಿನ ಅಮ್ಹಾರಿಕ್‌ನಲ್ಲೂ ಅದೇ ಕಥೆ: ‘ಇಂಚೆತ್’ ಎಂದರೆ ಕಟ್ಟಿಗೆ, ನಿಂತ ಮರ ‘ಜಾಫ್’. ಅರಬ್ಬಿಯಲ್ಲಿ ಮರಕ್ಕೆ ‘ಶಜರ್’, ಮರಮುಟ್ಟಿಗೆ ‘ಖಶಬ್’ ಬಂದ ಮೇಲೆ ಹಳೆಯ ಶಬ್ದಕ್ಕೆ ಉಳಿದದ್ದು ಮರುಭೂಮಿಯ ಅಂಚಿನ ಮುಳ್ಳುಮರಗಳು ಮಾತ್ರ. ಮದೀನಾವನ್ನು ಪವಿತ್ರ ಕ್ಷೇತ್ರವೆಂದು ಸಾರಿದಾಗ ಅಲ್ಲಿನ ‘ಇದಾಹ್’ ಕಡಿಯಬಾರದೆಂದು ಪ್ರವಾದಿ ಮುಹಮ್ಮದರು ವಿಧಿಸಿದ್ದನ್ನು ಹದೀಸ್‌ಗಳು ಹೇಳುತ್ತವೆ. ಅರೇಬಿಯಾದ ಬಯಲಲ್ಲಿ ಕಣ್ಣಿಗೆ ಬೀಳುವ ಮರವೆಂದರೆ ಹೆಚ್ಚಾಗಿ ಜಾಲಿಯ ಜಾತಿಯದೇ ಆಗಿರುವಾಗ ‘ಮರ’ ಎಂಬ ಮಾತು ‘ಮುಳ್ಳುಮರ’ ಎಂದಾಗಿ ನಿಲ್ಲುವುದು ಸಹಜ. ‘ಮುಳ್ಳುಮರ’ವೇ ಮೂಲ ಎಂದು ವಾದಿಸಬೇಕಾದರೆ ಅಕ್ಕಾಡಿಯನ್, ಹೀಬ್ರೂ, ಗೀಜ್ ಮೂರೂ ಒಂದರಿಂದೊಂದು ದೂರವಿದ್ದೂ ಒಂದೇ ರೀತಿ ಅರ್ಥ ಹಿಗ್ಗಿಸಿಕೊಂಡವು ಎನ್ನಬೇಕಾಗುತ್ತದೆ. ಅದಕ್ಕಿಂತ, ಒಂದು ಕಡೆ ಅರ್ಥ ಕುಗ್ಗಿತು ಎನ್ನುವುದು ನಂಬಲರ್ಹ.

ಸೆಮಿಟಿಕ್ ಮಾತಾಡುತ್ತಿದ್ದ ಮೊದಲ ಜನ ಎಲ್ಲಿದ್ದರು ಎಂಬ ಪ್ರಶ್ನೆಗೆ ಈ ಶಬ್ದದಿಂದ ಉತ್ತರ ಸಿಗಲಾರದು. ಮರ ಎಲ್ಲ ಸೀಮೆಯಲ್ಲೂ ಇದೆ. ಒಂದೊಂದು ಜಾತಿಯ ಹೆಸರು ಹಿಡಿದು ಹೋದರೆ ಮಾತ್ರ ಸುಳಿವು ಸಿಗುತ್ತದೆ. ಬಾದಾಮಿಗೆ ಅಕ್ಕಾಡಿಯನ್ ‘ಶಿಕ್ದು’, ಹೀಬ್ರೂ ‘ಶಾಕೇದ್’. ಕಾಡು ಪಿಸ್ತಾದ ಜಾತಿಗೆ ಅಕ್ಕಾಡಿಯನ್ ‘ಬುಟ್ನು’, ಅರಬ್ಬಿ ‘ಬುಟ್ಮ್’. ಅಂಜೂರಕ್ಕೆ ಅಕ್ಕಾಡಿಯನ್ ‘ತಿತ್ತು’, ಹೀಬ್ರೂ ‘ತೆಎನಾ’, ಅರಬ್ಬಿ ‘ತೀನ್’. ಇವು ಸಿರಿಯಾ-ಪ್ಯಾಲೆಸ್ತೀನಿನ ಗುಡ್ಡಗಳಲ್ಲಿ ಬೆಳೆಯುವಂಥವು. 2009ರಲ್ಲಿ ಆಂಡ್ರ್ಯೂ ಕಿಚನ್ ಮತ್ತು ಸಂಗಡಿಗರು ಸಂಖ್ಯಾಶಾಸ್ತ್ರದ ಲೆಕ್ಕದಿಂದ ಸೆಮಿಟಿಕ್‌ನ ಹುಟ್ಟನ್ನು ಇದೇ ಲೆವಂಟ್ ಪ್ರದೇಶದಲ್ಲಿ, ಸುಮಾರು 5750 ವರ್ಷಗಳ ಹಿಂದೆ ಎಂದು ಇಟ್ಟರು. ಗಿಡಮರಗಳ ಹೆಸರೂ ಆ ಕಡೆಗೇ ವಾಲುತ್ತವೆ. ಆದರೆ ಗಿಲ್ಗಮೆಶ್ ಕಥೆಯಿಂದ ಸೊಲೊಮೋನನ ದೇವಾಲಯದವರೆಗೆ ಹೆಸರುವಾಸಿಯಾದ ಲೆಬನಾನಿನ ದೇವದಾರು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಹೀಬ್ರೂವಿನಲ್ಲಿ ಅದು ‘ಎರೆಜ್’, ಅರಬ್ಬಿಯಲ್ಲಿ ‘ಅರ್ಜ್’, ಅಕ್ಕಾಡಿಯನ್‌ನಲ್ಲಿ ‘ಎರೇನು’. ಪೂರ್ವದ ಶಾಖೆ ಕವಲೊಡೆದು ದೇವದಾರಿನ ಬೆಟ್ಟಗಳಿಂದ ದೂರವಾದ ಮೇಲೆ ಹಳೆಯ ಹೆಸರನ್ನು ಬಿಟ್ಟಿತೋ, ಅಥವಾ ಆ ಹೆಸರು ಪಶ್ಚಿಮದಲ್ಲೇ ಆಮೇಲೆ ಹುಟ್ಟಿತೋ ಎಂಬುದನ್ನು ಬಾದಾಮಿ, ಅಂಜೂರ, ಪಿಸ್ತಾಗಳ ಜೊತೆಗಿಟ್ಟೇ ತೀರ್ಮಾನಿಸಬೇಕಾಗುತ್ತದೆ. ಸೆಮಿಟಿಕ್ ತವರಿನ ಚರ್ಚೆಯಲ್ಲಿ ನಕ್ಷೆಗಳಿಗೆ ಸಿಗುವಷ್ಟು ಗಮನ ಈ ಮರಗಳಿಗೂ ಸಿಗಬೇಕು.